ಮರು: ಪವರ್ ಸ್ಟೀರಿಂಗ್ ‘ಬಿಗಿ’ಯೋ, ‘ಭಾರ’ವೋ?

ರಾಯಚೂರಿನ ಮಿತ್ರರೇ, ಪವರ್ ಸ್ಟೀರಿಂಗ್ ತಿರುಗಿಸಲು ಹೆಚ್ಚು ಬಲ ಬೇಕಾದಾಗ ಏನೇನು ನೋಡಬೇಕೆಂದು ತಿಳಿಸುವ ನಿಮ್ಮ ಗ್ಯಾರೇಜಿನ ಫಲಕದಲ್ಲಿ ಆ ದೋಷಕ್ಕೆ ಯಾವ ಕನ್ನಡ ಪದ ಹಾಕಬೇಕು ಎಂದು ಕೇಳಿದ್ದೀರಿ. ಫಲಕ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು ಎಂದಿದ್ದೀರಿ. ಆದ್ದರಿಂದ ಉತ್ತರ ಮೊದಲು, ಜಗಳ ಆಮೇಲೆ. ಶೀರ್ಷಿಕೆಗೆ ‘ಸ್ಟೀರಿಂಗ್ ಭಾರವಾಗಿದೆಯೇ?’ ಎಂದು ಹಾಕಿಸಿ. ‘ಬಿಗಿ’ ಬೇಡ. ‘ಪೆಡಸು’ ಖಂಡಿತ ಬೇಡ.

ಬಿಗಿ ಎಂಬುದು ಸಡಿಲಕ್ಕೆ ಎದುರು ಮಾತು. ನಟ್ಟು ಬಿಗಿಯಾಗಿರಬೇಕು, ಬೆಲ್ಟ್ ಬಿಗಿಯಾಗಿರಬೇಕು. ಎಣ್ಣೆಯ ಒತ್ತಡದಿಂದ ಸ್ಟೀರಿಂಗ್ ಹಗುರಾಗಿಸುವ ಹಳೆಯ ಹೈಡ್ರಾಲಿಕ್ ಕಾರುಗಳಲ್ಲಿ ಎಂಜಿನ್ನಿಂದ ಎಣ್ಣೆಯ ಪಂಪನ್ನು ತಿರುಗಿಸುವ ಬೆಲ್ಟ್ ಸಡಿಲವಾದರೆ ಒತ್ತಡ ಸಾಲದೆ ಸ್ಟೀರಿಂಗ್ ಭಾರವಾಗುತ್ತದೆ. ಬೆಲ್ಟ್ ಬಿಗಿ ಮಾಡಿದರೆ ಹಗುರಾಗುತ್ತದೆ. ರೋಗಕ್ಕೂ ಮದ್ದಿಗೂ ಒಂದೇ ಪದ ಬಳಸಿದರೆ ಫಲಕ ಓದುವ ಹುಡುಗ ಪಾನಾ ಹಿಡಿದು ಯಾವ ಕಡೆಗೆ ತಿರುಗಿಸಬೇಕು?

‘ಬಿಗಿ, ಗಟ್ಟಿ, ಭಾರ ಎಲ್ಲವೂ ಒಂದೇ, ಯಾವುದಾದರೂ ನಡೆಯುತ್ತದೆ’ ಎಂದು ಈ ಚರ್ಚೆಯಲ್ಲಿ ಒಬ್ಬರು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನಡೆಯುವುದಿಲ್ಲ. ದೋಷ ಮೂರು ಬಗೆಯದು, ಮಾತೂ ಮೂರು ಬೇಕು.

ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಬಲ ಹಾಕಬೇಕಾದರೆ ಅದು ‘ಭಾರ’. ಅದಕ್ಕೆ ಮೊದಲು ನೋಡಬೇಕಾದದ್ದು ಮುಂದಿನ ಟೈರುಗಳ ಗಾಳಿ. ಬಾನೆಟ್ ಎತ್ತುವ ಆತುರದಲ್ಲಿ ಇದನ್ನೇ ಮರೆಯುತ್ತಾರೆ. ಆಮೇಲೆ ಸ್ಟೀರಿಂಗ್ ಎಣ್ಣೆಯ ಡಬ್ಬಿಯಲ್ಲಿ ಎಣ್ಣೆಯ ಮಟ್ಟ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದೆಯೇ, ನೊರೆ ಕಟ್ಟಿದೆಯೇ ಎಂಬುದು. ನೊರೆ ಇದ್ದರೆ ಗಾಳಿ ಸೇರಿದೆ. ಆಮೇಲೆ ಬೆಲ್ಟ್. ನಮ್ಮ ಕಡೆಯ ಬಿಸಿಲಿಗೂ ಧೂಳಿಗೂ ರಬ್ಬರ್ ಗಟ್ಟಿಯಾಗಿ ಸೀಳುವುದು ಬೇಗ. ಪೂರ್ತಿ ತಿರುಗಿಸಿದಾಗ ಕೀರಲು ದನಿ ಬಂದರೆ ಬೆಲ್ಟ್ ಜಾರುತ್ತಿದೆ. ಗಾಡಿ ನಿಂತಾಗ ಭಾರವಾಗಿದ್ದು ಎಂಜಿನ್ ವೇಗ ಹೆಚ್ಚಿಸಿದೊಡನೆ ಹಗುರಾದರೆ ಸಂಶಯ ಬೆಲ್ಟಿನ ಮೇಲೆ, ಇಲ್ಲವೇ ಸವೆದ ಪಂಪಿನ ಮೇಲೆ.

ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ತಡೆದರೆ ಅದು ಭಾರವಲ್ಲ, ‘ಹಿಡಿದುಕೊಳ್ಳುತ್ತದೆ’ ಎಂದು ಬರೆಯಿರಿ. ಸ್ಟೀರಿಂಗ್ ಕಂಬದ ಕೆಳಗೆ ಓರೆಯಾಗಿ ಕೂಡಿದ ಸರಳುಗಳನ್ನು ತಿರುಗಗೊಡುವ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್, ಒಣಗಿಯೋ ತುಕ್ಕು ಹಿಡಿದೋ ಹೀಗಾಗುವುದುಂಟು. ಮುಂದಿನ ಚಕ್ರಗಳನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಾವಿ ತಿರುಗಿಸಿ ಲಾಕ್ ಬಿಡಿಸಿ, ಎಂಜಿನ್ ಚಾಲೂ ಮಾಡದೆ ತಿರುಗಿಸಿದಾಗಲೂ ಹಿಡಿದರೆ ಪಂಪನ್ನು ಬಿಚ್ಚುವುದು ದಂಡ. ಇನ್ನು ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬಾರದಿದ್ದರೆ ‘ಮರಳುವುದಿಲ್ಲ’. ಅದಕ್ಕೆ ಚಕ್ರ ಹೊರಳುವ ಗುಂಡುಕೀಲು (ಬಾಲ್ ಜಾಯಿಂಟ್), ಮುಂದಿನ ಚಕ್ರದ ಸ್ಪ್ರಿಂಗ್ ಕಂಬದ (ಸ್ಟ್ರಟ್) ಮೇಲಿನ ಬೇರಿಂಗ್, ಚಕ್ರಗಳ ಕೋನದ ಹೊಂದಿಕೆ (ಅಲೈನ್‌ಮೆಂಟ್) ನೋಡಬೇಕು.

‘ಫ್ಲೂಯಿಡ್’ ಇರುವಲ್ಲೆಲ್ಲ ‘ದ್ರವ’ ಎಂದು ಹಾಕಿ ಎಂದವರ ಸಲಹೆ ಬರಿಯ ತಪ್ಪಲ್ಲ, ಅಪಾಯ. ಗ್ಯಾರೇಜಿನಲ್ಲಿ ಬ್ರೇಕ್ ದ್ರವವೂ ಇರುತ್ತದೆ. ಡಾಟ್ 3, ಡಾಟ್ 4 ಎಂದು ಬರುವ ಬ್ರೇಕ್ ದ್ರವ ಗ್ಲೈಕಾಲ್ ಮೂಲದ್ದು, ಎಣ್ಣೆಯೇ ಅಲ್ಲ. ಅದನ್ನು ಸ್ಟೀರಿಂಗ್ ಡಬ್ಬಿಗೆ ಸುರಿದರೆ ಎಣ್ಣೆ ಸೋರದಂತೆ ತಡೆಯುವ ಸೀಲುಗಳು ಹಾಳಾಗುತ್ತವೆ. ಬಾಯಿಮಾತಿನಲ್ಲಿ ಎರಡಕ್ಕೂ ‘ಆಯಿಲ್’ ಎನ್ನುವುದರಿಂದಲೇ ಈ ಅನಾಹುತ. ನೀವು ಬೇರೆ ಮಾಡಿ: ‘ಸ್ಟೀರಿಂಗ್ ಎಣ್ಣೆ’, ‘ಬ್ರೇಕ್ ದ್ರವ’. ಕನ್ನಡ ಪದ ಎಲ್ಲಿ ಬೇಕು ಎಂದು ಕೇಳಿದರೆ ಇಲ್ಲಿ ಬೇಕು ಎನ್ನುತ್ತೇನೆ.

ಈಗ ‘ಪವರ್ ಸ್ಟೀರಿಂಗ್’ ಎಂಬುದಕ್ಕೆ ಬದಲಾಗಿ ಕೆಲವರು ಸೂಚಿಸಿದ ‘ಶಕ್ತಿಚಾಲಿತ ಚುಕ್ಕಾಣಿ’. ಇಂಗ್ಲಿಷನ್ನು ಒರೆಸಿಹಾಕುವ ಹುಮ್ಮಸ್ಸಿನಲ್ಲಿ ಇದನ್ನು ಅಚ್ಚ ಕನ್ನಡವೆಂದು ಮುಂದಿಟ್ಟಿದ್ದಾರೆ. ಶಕ್ತಿಯೂ ಚಾಲಿತವೂ ಸಂಸ್ಕೃತ. ಚುಕ್ಕಾಣಿಯ ಬೇರು ಅರಬ್ಬಿಯ ‘ಸುಕ್ಕಾನ್’. ಹಡಗಿನ ಸಂಗಡ ಬಂದ ಮಾತು. ಅದು ನಮ್ಮದಾಗಿದೆ, ನಾನೂ ಬಳಸುತ್ತೇನೆ. ‘ಪಕ್ಷದ ಚುಕ್ಕಾಣಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಕಡಲಿನಿಂದ ಬಂದ ಅರಬ್ಬಿಗೆ ಮಣೆ, ಕಾರಿನೊಂದಿಗೆ ಬಂದ ಇಂಗ್ಲಿಷಿಗೆ ಹೊಸಿಲ ಆಚೆ ನಿಲ್ಲುವ ಶಿಕ್ಷೆ, ಇದು ಯಾವ ನ್ಯಾಯ? ಪವರ್ ಸ್ಟೀರಿಂಗ್ ಮಾರಾಟದ ಕಾರಿನಲ್ಲಿ ಮೊದಲು ಬಂದದ್ದು 1951ರಲ್ಲಿ, ಅಮೆರಿಕದ ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ವಸ್ತುವಿನ ಜೊತೆಗೇ ಹೆಸರೂ ಬಂತು.

ಇಲ್ಲಿಯ ಚರಿತ್ರೆಯನ್ನೂ ಸ್ವಲ್ಪ ನೆನೆಯಬೇಕು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಒಂದು ಕಡೆ ಉರ್ದು, ಇನ್ನೊಂದು ಕಡೆ ತೆಲುಗು ಮತ್ತು ಇಂಗ್ಲಿಷ್ ನಮ್ಮ ಕಸುಬಿನ ಮಾತಿಗೆ ಸೇರಿದವು. ಚಾವಿಯೂ ಮೇಸ್ತ್ರಿಯೂ ಪೋರ್ಚುಗೀಸರವು. ಇವನ್ನೆಲ್ಲ ಕಿತ್ತರೆ ಗ್ಯಾರೇಜಿನಲ್ಲಿ ಯಾರೂ ಬಾಯಿ ತೆರೆಯಲಾಗದು. ಹೆಸರನ್ನು ಎರವಲು ತಂದರೆ ಕನ್ನಡ ಸೊರಗುವುದಿಲ್ಲ. ಭಾರವಾಗುವ, ಹಿಡಿಯುವ, ಜಾರುವ, ಮರಳುವ ನಮ್ಮ ಕ್ರಿಯಾಪದಗಳನ್ನು ಬಿಟ್ಟುಕೊಟ್ಟು ‘ಟೈಟ್ ಆಗು’, ‘ಜಾಮ್ ಆಗು’ ಎಂದಷ್ಟೇ ಬರೆದರೆ ಸೊರಗುತ್ತದೆ. ನನ್ನ ಸಿಟ್ಟು ಅದರ ಮೇಲೆ.

ನನಗೆ ಪ್ರಿಯವಾದ ಪದ ‘ಬಿರುಸು’. ರೊಟ್ಟಿ ಬಿರುಸಾಗಿದೆ ಎನ್ನುವ ನಮ್ಮ ಊರುಗಳಲ್ಲಿ ಸ್ಟೀರಿಂಗ್ ಬಿರುಸು ಎಂದರೂ ಸಲ್ಲುತ್ತದೆ. ಆದರೆ ದಕ್ಷಿಣದವರಿಗೆ ಬಿರುಸು ಎಂದರೆ ರಭಸ: ಮಳೆ ಬಿರುಸು, ಪ್ರಚಾರ ಬಿರುಸು. ಫಲಕ ರಾಯಚೂರಿನಲ್ಲೇ ಉಳಿಯುವುದಾದರೆ ಧೈರ್ಯವಾಗಿ ಹಾಕಿ. ಬೇರೆ ಊರುಗಳ ಗ್ಯಾರೇಜುಗಳಿಗೂ ಹೋಗುವುದಾದರೆ ‘ಭಾರ’ವೇ ಇರಲಿ.

ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕಾರುಗಳಿಗೆ ಈ ಫಲಕ ಹೊಂದುವುದಿಲ್ಲ. ಹೆಚ್ಚಿನ ಇಂಥ ಕಾರುಗಳಲ್ಲಿ ಎಣ್ಣೆಯೂ ಇಲ್ಲ, ಪಂಪಿನ ಬೆಲ್ಟೂ ಇಲ್ಲ. ಬ್ಯಾಟರಿ, ಫ್ಯೂಸ್, ಮೋಟಾರು, ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ನೋಡಬೇಕು. ಆದ್ದರಿಂದ ಶೀರ್ಷಿಕೆಯ ಕೆಳಗೆ ‘ಹೈಡ್ರಾಲಿಕ್ ಸ್ಟೀರಿಂಗ್‌ಗೆ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಸೇರಿಸಿ ಕಳುಹಿಸಿ.