ಹೋಟೆಲ್ ಊಟ, ಮನೆಮಂದಿಗೆಲ್ಲ ವಾಂತಿ, ಮೈದುನ ಹಾಕಿದ ಪೋಸ್ಟ್

ಪ್ರಶ್ನೆ (ಸದಸ್ಯೆ): ಆಹಾರ ಸುರಕ್ಷತೆಯ ಕೆಲಸದಲ್ಲಿರುವ ಮೇಡಂ ಈ ಗುಂಪಿನಲ್ಲಿ ಉತ್ತರಿಸುತ್ತಾರೆಂದು ಗೊತ್ತಾಗಿ ಬರೆಯುತ್ತಿದ್ದೇನೆ. ಶನಿವಾರ ರಾತ್ರಿ ಎಂಟೂವರೆಗೆ ನಾವು ಆರು ಜನ ಒಂದು ಹೋಟೆಲಿಗೆ ಊಟಕ್ಕೆ ಹೋಗಿದ್ದೆವು: ನಾನು, ಯಜಮಾನರು, ಅತ್ತೆ, ನಾದಿನಿ, ನನ್ನ ಇಬ್ಬರು ಮಕ್ಕಳು. ಹೇಳಿದ್ದು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಒಂದು ತಟ್ಟೆಗೆ ಹಳೆಯ ಅಗುಳು ಅಂಟಿಕೊಂಡಿತ್ತು. ಬದಲಿಸಿ ಎಂದರೆ ಬಡಿಸುವ ಹುಡುಗ ಅದನ್ನೇ ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ಮತ್ತೆ ಮುಂದಿಟ್ಟ. ಕೋಳಿಯ ಜೊತೆ ಕೊಟ್ಟ ಬಿಳಿ ಸಾಸ್ ಹುಳಿ ವಾಸನೆ ಹೊಡೆಯುತ್ತಿತ್ತು. ಮ್ಯಾನೇಜರನ್ನು ಕರೆದು ತೋರಿಸಿದರೆ "ಅದು ಇರುವುದೇ ಹಾಗೆ" ಎಂದು ಹೊರಟುಹೋದರು.

ಭಾನುವಾರ ನಡುರಾತ್ರಿ ಚಿಕ್ಕವನಿಗೆ ವಾಂತಿ ಶುರುವಾಯಿತು. ಸೋಮವಾರ ಬೆಳಗ್ಗೆ ನಾದಿನಿಗೆ, ಮಂಗಳವಾರ ನನಗೆ, ಅದೇ ಸಂಜೆ ಅತ್ತೆಗೆ. ಮಗುವಿಗೆ ಡ್ರಿಪ್ ಹಾಕಿಸಬೇಕಾಯಿತು. ಇದನ್ನು ಕೇಳಿದ ಮೈದುನ ಆ ಹೋಟೆಲಿನ ಹೆಸರು ಹಾಕಿ, "ಬಿಳಿ ಸಾಸ್ ಅಲ್ಲ, ವಿಷ, ಇಡೀ ಕುಟುಂಬ ಆಸ್ಪತ್ರೆ ಸೇರಿದೆ" ಎಂದು ಪೋಸ್ಟ್ ಮಾಡಿದ. ಬಡಿಸಿದ ಹುಡುಗನ ಫೋಟೊ, ಡ್ರಿಪ್ ಹಾಕಿಕೊಂಡ ಮಗುವಿನ ಫೋಟೊ ಎರಡನ್ನೂ ಹಾಕಿದ್ದಾನೆ. ಅವನು ಆ ದಿನ ನಮ್ಮ ಜೊತೆ ಇರಲಿಲ್ಲ. ಪೋಸ್ಟ್ ಸಾವಿರಾರು ಜನರಿಗೆ ಹಂಚಿಹೋಗಿದೆ. ಈಗ ಹೋಟೆಲಿನವರು, ಪೋಸ್ಟ್ ತೆಗೆದರೆ ಒಂದು ಊಟ ಉಚಿತ, ತೆಗೆಯದಿದ್ದರೆ ವಕೀಲರಿಂದ ನೋಟಿಸ್ ಎಂದು ಸಂದೇಶ ಕಳಿಸಿದ್ದಾರೆ. ನಾವೇಕೆ ತೆಗೆಯಬೇಕು? ಆ ಸಾಸ್‌ನಿಂದಲೇ ಆಗಿದ್ದೆಂದು ತೋರಿಸುವ ದಾರಿ ಇದೆಯೇ?

ಉತ್ತರ (ಆಹಾರ ಸುರಕ್ಷತಾ ತಜ್ಞೆ): ತೋರಿಸುವ ದಾರಿಗಿಂತ ಮೊದಲು, ಅದು ಹೌದೋ ಅಲ್ಲವೋ ನೋಡೋಣ. ಆ ಸಾಸನ್ನು ಯಾರು ಯಾರು ತಿಂದರು? ಯಾರು ಮುಟ್ಟಲಿಲ್ಲ? ಯಾರಿಗೆ ಇನ್ನೂ ಏನೂ ಆಗಿಲ್ಲ? ಊಟಕ್ಕೆ ಹಿಂದಿನ ಎರಡು ಮೂರು ದಿನಗಳಲ್ಲಿ ಚಿಕ್ಕವನೂ ನಾದಿನಿಯೂ ಬೇರೆಲ್ಲಿ ಏನು ತಿಂದರು, ಯಾರ ಜೊತೆ ಇದ್ದರು? ಮಗು ವಾಂತಿ ಮಾಡಿದ್ದನ್ನು ಯಾರು ಬಳಿದರು? ಕೊನೆಯ ಪ್ರಶ್ನೆಗೆ ಮುಜುಗರ ಬೇಡ, ನನಗೆ ಎಲ್ಲಕ್ಕಿಂತ ಬೇಕಾದದ್ದು ಅದೇ.

ಸದಸ್ಯೆ: ಸಾಸನ್ನು ಹೆಚ್ಚು ತಿಂದವರು ಯಜಮಾನರು ಮತ್ತು ದೊಡ್ಡ ಮಗಳು. ಹಾಳಾಗಿದೆ ಎನ್ನುತ್ತಲೇ ತಿಂದರು. ಅವರಿಬ್ಬರೂ ಗಟ್ಟಿಯಾಗಿದ್ದಾರೆ. ಅತ್ತೆ ಮುಟ್ಟಲೇ ಇಲ್ಲ. ಶನಿವಾರ ಮಧ್ಯಾಹ್ನ ಚಿಕ್ಕವನನ್ನು ನಾದಿನಿ ಅವನ ಸ್ನೇಹಿತನ ಹುಟ್ಟುಹಬ್ಬಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಂದು ಮಗು ವಾಂತಿ ಮಾಡಿಕೊಂಡಿತಂತೆ, ಕೇಕ್ ಹೆಚ್ಚಾಯಿತು ಎಂದು ಎಲ್ಲರೂ ನಕ್ಕರಂತೆ. ಮನೆಯಲ್ಲಿ ಬಳಿದವರು ನಾನು ಮತ್ತು ಅತ್ತೆ.

ತಜ್ಞೆ: ಹೋಟೆಲಿನ ಬಗ್ಗೆ ನಿಮಗಿರುವ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯಾಯವಾದದ್ದೇ. ಆದರೆ ಈ ವಾಂತಿಗೆ ಆ ಸಾಸ್ ಕಾರಣವೆಂದು ನಾನು ಹೇಳಲಾರೆ.

ಹಾಳಾದ ಕೆನೆ ಸಾಸ್‌ನಿಂದ ವಾಂತಿ ಬರುವುದಾದರೆ ಸಾಮಾನ್ಯವಾಗಿ ಅದರ ಹಿಂದಿರುವುದು ಸ್ಟಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಮೊದಲೇ ಮಾಡಿಟ್ಟ ವಿಷ. ಅದು ಆಹಾರದಲ್ಲಿ ಸಿದ್ಧವಾಗಿಯೇ ಇರುತ್ತದೆ, ಹೊಟ್ಟೆಯಲ್ಲಿ ಬೆಳೆಯಬೇಕಾಗಿಲ್ಲ. ಆದ್ದರಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ಕಕ್ಕಿಸಿಬಿಡುತ್ತದೆ. ಬೇಯಿಸಿ ಹೊರಗೇ ಬಿಟ್ಟ ಅನ್ನದಲ್ಲಿ ಕಾಣುವ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ವಾಂತಿಯ ವಿಷಕ್ಕೂ ಆರು ಗಂಟೆಯೊಳಗಿನ ಲೆಕ್ಕವೇ. ಈ ಎರಡೂ ವಿಷಗಳು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಅದು ಬೇರೆ ಮಾತು. ಅಂದರೆ ಸಾಸ್ ಅಪರಾಧಿಯಾಗಿದ್ದರೆ ಶನಿವಾರ ರಾತ್ರಿಯೇ, ಹೆಚ್ಚೆಂದರೆ ಭಾನುವಾರ ಬೆಳಗಿನ ಜಾವದೊಳಗೆ, ನಿಮ್ಮ ಯಜಮಾನರೂ ಮಗಳೂ ಬಚ್ಚಲಿಗೆ ಓಡಬೇಕಿತ್ತು. ಓಡಿದವರು ಬೇರೆಯವರು, ಅದೂ ಒಂದು ದಿನ ತಡವಾಗಿ.

ನಿಮ್ಮ ಲೆಕ್ಕಕ್ಕೆ ಹೊಂದುವುದು ನೊರೊವೈರಸ್, ವಾಂತಿ ಭೇದಿ ತರುವ, ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಅಂಟುವ ವೈರಸ್. ದೇಹಕ್ಕೆ ಹೊಕ್ಕು 12ರಿಂದ 48 ಗಂಟೆಯೊಳಗೆ ವಾಂತಿ ತರಿಸುತ್ತದೆ. ಹುಟ್ಟುಹಬ್ಬಕ್ಕೆ ಹೋದ ಇಬ್ಬರು ಮೊದಲು ಮಲಗಿದರು. ಬಳಿದ ಇಬ್ಬರು ಅದಾದ ಒಂದೂವರೆ, ಎರಡು ದಿನದೊಳಗೆ ಮಲಗಿದರು. ಸಾಸ್ ಮುಟ್ಟದ ಅತ್ತೆಯೂ ಮಲಗಿದರು. ಮಲದ ಪರೀಕ್ಷೆ ಮಾಡಿಸದೆ ಖಚಿತ ಎನ್ನಲಾಗದು, ಆದರೆ ನಾನು ತನಿಖೆಗೆ ಬಂದಿದ್ದರೆ ಹೋಟೆಲಿನ ಜೊತೆಗೆ ಆ ಹುಟ್ಟುಹಬ್ಬದ ಮನೆಯ ಬಾಗಿಲನ್ನೂ ತಟ್ಟುತ್ತಿದ್ದೆ.

ನಮ್ಮ ಕೆಲಸದಲ್ಲಿ ದಿನವೂ ಕಾಣುವುದು ಇದು. ಹೊಟ್ಟೆ ಕೆಟ್ಟವರು ಹಿಂದಿನ ಊಟವನ್ನು, ಅದರಲ್ಲೂ ಹೊರಗಿನ ಊಟವನ್ನು ದೂರುತ್ತಾರೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಆರು ಗಂಟೆಯಿಂದ ಆರು ದಿನದವರೆಗೆ ಯಾವಾಗ ಬೇಕಾದರೂ ಎದ್ದೀತು. ಕ್ಯಾಂಪೈಲೋಬ್ಯಾಕ್ಟರ್ ಎಂಬ ಮತ್ತೊಂದು ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ಎರಡರಿಂದ ಐದು ದಿನ ಬೇಕು. ಐದು ದಿನದ ಹಿಂದೆ ಮನೆಯಲ್ಲಿ ಸರಿಯಾಗಿ ಬೇಯದ ಕೋಳಿಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಜಗಳವಾಡಿ ಬಂದ ಹೋಟೆಲು ಮಾತ್ರ ಚೆನ್ನಾಗಿ ನೆನಪಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ.

ಇನ್ನು ಹುಳಿ ವಾಸನೆ. ಆಹಾರವನ್ನು ಹುಳಿಸುವ ಸೂಕ್ಷ್ಮಜೀವಿಗಳು ಬಹುಮಟ್ಟಿಗೆ ಬೇರೆ, ಕಾಯಿಲೆ ತರುವವು ಬೇರೆ. ಕಾಯಿಲೆ ತರುವ ಆಹಾರ ಅನೇಕ ಸಲ ಘಮಘಮಿಸುತ್ತಲೇ ಇರುತ್ತದೆ. ಮೂಗನ್ನು ನಂಬಿ ಬಿಸಾಡಿ, ಆದರೆ ಮೂಗನ್ನು ಸಾಕ್ಷಿಯಾಗಿ ನಿಲ್ಲಿಸಬೇಡಿ.

ಸದಸ್ಯೆ: ಹಾಗಾದರೆ ಹೋಟೆಲಿನವರು ಸಾಚಾಗಳೇ ಮೇಡಂ? ಎಂಜಲು ತಟ್ಟೆ ಸುಳ್ಳೇ? ವೈದ್ಯರು ಕೂಡ ಚೀಟಿಯಲ್ಲಿ "ಆಹಾರದ ದೋಷ" ಎಂದೇ ಬರೆದಿದ್ದಾರೆ.

ತಜ್ಞೆ: ವೈದ್ಯರು ನಿಮ್ಮ ಮಾತು ಕೇಳಿ, ಹೊಟ್ಟೆ ಒತ್ತಿ ನೋಡಿ ಬರೆದರು. ಚಿಕಿತ್ಸೆಗೆ ಅಷ್ಟು ಸಾಕು. ಯಾವ ಊಟ, ಯಾವ ಹೋಟೆಲು ಎಂಬುದನ್ನು ಆ ಚೀಟಿ ಹೇಳುವುದಿಲ್ಲ.

ಹೋಟೆಲಿನವರು ಸಾಚಾ ಎಂದು ನಾನು ಹೇಳಲಿಲ್ಲ. ಒಂದೇ ಬಟ್ಟೆಯಿಂದ ಮೇಜು, ತಟ್ಟೆ, ಕೈ ಒರೆಸುವ ಕಡೆ ಅಡುಗೆಮನೆಯ ಒಳಗೆ ಏನು ನಡೆಯುತ್ತಿದೆ ಎಂದು ನಾನು ಖಂಡಿತ ನೋಡಬಯಸುತ್ತೇನೆ. ನೊರೊವೈರಸ್ ಕೂಡ ಕಾಯಿಲೆಯ ಅಡುಗೆಯವರ ಕೈಯಿಂದ ಊಟಕ್ಕೆ ಇಳಿಯಬಹುದು. ವಾಂತಿ ನಿಂತ ಮೇಲೂ ಎರಡು ದಿನ ಅಡುಗೆಗೆ ಬರಬಾರದು ಎಂಬ ನಿಯಮವನ್ನು, ಸಂಬಳ ಹೋಗುತ್ತದೆಂಬ ಭಯದಲ್ಲಿ, ಪಾಲಿಸದವರು ಎಷ್ಟೋ ಮಂದಿ. ಅದಕ್ಕೇ ನಿಮ್ಮ ದೂರು ಬೇಕು. ಆದರೆ ನೀವು ಕಂಡದ್ದನ್ನು ಬರೆಯಿರಿ, ಊಹಿಸಿದ್ದನ್ನು ಬೇಡ. ತಟ್ಟೆಗೆ ಅಗುಳು ಅಂಟಿತ್ತು, ಕಂಡದ್ದು. ಒರೆಸಿ ಅದನ್ನೇ ಕೊಟ್ಟರು, ಕಂಡದ್ದು. ಮ್ಯಾನೇಜರ್ ಹೇಳಿದ ಮಾತು, ಕೇಳಿದ್ದು. "ವಿಷ" ಎಂಬುದು ಮೈದುನನ ತೀರ್ಪು, ಅದೂ ಊಟಕ್ಕೇ ಬಾರದವನ ತೀರ್ಪು. "ಇಡೀ ಕುಟುಂಬ ಆಸ್ಪತ್ರೆ ಸೇರಿದೆ" ಎಂಬುದು ನೀವು ಹೇಳಿದ ಪ್ರಕಾರವೇ ನಿಜವಲ್ಲ.

ಪೋಸ್ಟ್ ಪೂರ್ತಿ ಅಳಿಸಿ ಎನ್ನುವುದಿಲ್ಲ. ತಿದ್ದಿ, ನಿಮ್ಮ ಹೆಸರಿನಲ್ಲಿ ಹಾಕಿ. ದಿನ, ಹೊತ್ತು, ಏನು ತರಿಸಿದಿರಿ, ಏನು ಕಂಡಿರಿ, ಏನು ಹೇಳಿದಿರಿ, ಅವರು ಏನು ಉತ್ತರಿಸಿದರು, ಇಷ್ಟೇ. ಆಮೇಲೆ ಮನೆಯಲ್ಲಿ ಕೆಲವರಿಗೆ ವಾಂತಿಯಾಯಿತು, ಕಾರಣ ಗೊತ್ತಿಲ್ಲ, ಇಲಾಖೆಗೆ ತಿಳಿಸಿದ್ದೇವೆ ಎಂದು ಬೇಕಾದರೆ ಸೇರಿಸಿ. ಬಡಿಸಿದ ಹುಡುಗನ ಫೋಟೊ ಇಂದೇ ತೆಗೆಯಿರಿ, ಆ ತಟ್ಟೆ ತೊಳೆದವನು ಅವನಲ್ಲ. ಮಗುವಿನ ಫೋಟೊ ಕೂಡ. ದೊಡ್ಡವನಾದ ಮೇಲೆ ಅವನಿಗೆ ಅದು ಬೇಕಾಗುತ್ತದೆಯೇ ಎಂದು ಯಾರೂ ಕೇಳಿಲ್ಲ.

ಆದರೆ ಪೋಸ್ಟ್‌ಗಿಂತ ಮೊದಲು ಸ್ಥಳೀಯ ಆರೋಗ್ಯ ಇಲಾಖೆಗೆ ಒಂದು ದೂರು ಹೋಗಲಿ. ಜನ ಇದನ್ನು ಮರೆಯುತ್ತಾರೆ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ, ಕೊಲಂಬಿಯಾ ವಿಶ್ವವಿದ್ಯಾಲಯದವರ ಜೊತೆ ಸೇರಿ 2012ರ ಜುಲೈನಿಂದ 2013ರ ಮಾರ್ಚ್‌ವರೆಗೆ ಯೆಲ್ಪ್ ತಾಣದ ಸುಮಾರು 2,94,000 ಹೋಟೆಲ್ ವಿಮರ್ಶೆಗಳನ್ನು ತಂತ್ರಾಂಶದಿಂದ ಜಾಲಾಡಿತು. ಆಹಾರದಿಂದ ಬಂದ ಕಾಯಿಲೆಯಂತೆ ಕಂಡು, ಈಚಿನದು ಎನ್ನಬಹುದಾದ 468 ಬರಹಗಳು ಸಿಕ್ಕವು. ಅವುಗಳಲ್ಲಿ ಇಲಾಖೆಗೂ ತಿಳಿಸಿದ್ದು ಶೇಕಡಾ 3ರಷ್ಟು ಮಾತ್ರ. ಹುಡುಕುತ್ತಾ ಹೋದಾಗ, ಯಾರೂ ವರದಿ ಮಾಡದಿದ್ದ ಮೂರು ಕಡೆಯ ಕಾಯಿಲೆಯ ಹರಡುವಿಕೆ ಬೆಳಕಿಗೆ ಬಂತು, 16 ಜನ ಅದರಲ್ಲಿ ನರಳಿದ್ದರು. ಸಿಟ್ಟಿನ ಪೋಸ್ಟ್‌ಗಳಿಂದಲೂ ಉಪಯೋಗವಿದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲ ಊರುಗಳಲ್ಲೂ ಹೀಗೆ ಹುಡುಕುವವರು ಇರುವುದಿಲ್ಲ. ಎರಡು ಬೇರೆ ಮನೆಗಳವರು ಒಂದೇ ಹೋಟೆಲಿನ ಹೆಸರು ಹೇಳಿ ಇಲಾಖೆಗೆ ದೂರು ಕೊಟ್ಟರೆ ಅದರ ತೂಕವೇ ಬೇರೆ.

ಮತ್ತೊಬ್ಬ ಸದಸ್ಯರು: ನಾನು ಹೋಟೆಲ್ ಅಡುಗೆಮನೆಯ ಮುಖ್ಯಸ್ಥ. ಇಲ್ಲಿನ ಹೋಟೆಲಿನ ಪರ ಮಾತಾಡುತ್ತಿಲ್ಲ, ಆ ತಟ್ಟೆಯ ಕೆಲಸಕ್ಕೆ ನನ್ನಲ್ಲಿ ಕ್ಷಮೆ ಇಲ್ಲ. ಆದರೆ "ಥೂ, ಕೊಳಕು ಜಾಗ" ಎಂದು ಒಂದು ನಕ್ಷತ್ರ ಕೊಟ್ಟು ಹೋದರೆ ನಾನು ಏನನ್ನು ಸರಿಪಡಿಸಲಿ? ದಿನವೂ ಹೊತ್ತೂ ಇದ್ದರೆ ಆ ಪಾಳಿಯಲ್ಲಿ ಯಾರಿದ್ದರು, ಶೀತಲ ಪೆಟ್ಟಿಗೆಯ ಉಷ್ಣಾಂಶದ ಪುಸ್ತಕದಲ್ಲಿ ಏನಿದೆ, ಸಾಸ್ ಯಾವಾಗ ಮಾಡಿದ್ದು, ಎಲ್ಲ ಹತ್ತು ನಿಮಿಷದಲ್ಲಿ ಸಿಗುತ್ತದೆ.

ತಜ್ಞೆ: ಆ ಪುಸ್ತಕವನ್ನು ಎಲ್ಲರೂ ನಿಮ್ಮಂತೆ ನಿಜವಾಗಿ ಬರೆಯುತ್ತಿದ್ದರೆ ನನ್ನ ಕೆಲಸ ಅರ್ಧವಾಗುತ್ತಿತ್ತು. ಇಡೀ ತಿಂಗಳು ದಿನವೂ ಅದೇ ನಾಲ್ಕು ಡಿಗ್ರಿ, ಅದೇ ಪೆನ್ನು, ಅದೇ ಕೈಬರಹ ಇರುವ ಪುಸ್ತಕಗಳನ್ನು ಬೇಕಾದಷ್ಟು ನೋಡಿದ್ದೇನೆ. ಗ್ರಾಹಕರಿಗೂ ಒಂದು ಸೂಚನೆ: ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಬಿಸಿಯಾಗಿ ಬಡಿಸುವ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗೆ. ಬಿಸಿ ಎಂದು ತಂದದ್ದು ಉಗುರುಬೆಚ್ಚಗೆ ಇದ್ದರೆ ಅದನ್ನು ತಪ್ಪದೆ ಬರೆಯಿರಿ. ಹುಳಿ ವಾಸನೆಗಿಂತ ನನಗೆ ಅದು ಹೆಚ್ಚು ಹೇಳುತ್ತದೆ. ಕಟ್ಟಿಸಿಕೊಂಡು ಬಂದ ಊಟ ಉಳಿದಿದ್ದರೆ ಎಸೆಯಬೇಡಿ. ಮುಚ್ಚಿ, ದಿನ ಬರೆದ ಚೀಟಿ ಅಂಟಿಸಿ, ಯಾರೂ ತಿನ್ನದಂತೆ ಫ್ರಿಜ್ಜಿನಲ್ಲಿಟ್ಟು ಇಲಾಖೆಗೆ ಹೇಳಿ.

ಸದಸ್ಯೆ: ಉಳಿದಿರಲಿಲ್ಲ. ಉಚಿತ ಊಟದ ವಿಷಯ? ನೋಟಿಸಿಗೆ ಹೆದರಬೇಕೇ?

ತಜ್ಞೆ: ನೋಟಿಸ್ ಬಂದರೆ ವಕೀಲರಿಗೆ ತೋರಿಸಿ, ಅದು ನನ್ನ ವಿದ್ಯೆಯಲ್ಲ. ಉಚಿತ ಊಟವನ್ನು ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಸಿಕ್ಕಿದ್ದು ನ್ಯಾಯವೋ ಲಂಚವೋ ಎಂದು ಆಮೇಲೆ ನಿಮಗೇ ಅನುಮಾನ ಬರುತ್ತದೆ. ಕೊಟ್ಟ ಹಣ ವಾಪಸ್ ಕೇಳುವುದು ನಿಮ್ಮ ಹಕ್ಕು, ಕೇಳಿ. ಆದರೆ "ಇಷ್ಟು ಕೊಟ್ಟರೆ ಪೋಸ್ಟ್ ತೆಗೆಯುತ್ತೇವೆ" ಎಂಬ ಮಾತು ನಿಮ್ಮ ಮನೆಯ ಯಾರ ಬಾಯಿಂದಲೂ ಬರಬಾರದು, ಮೈದುನನಿಗೆ ಇದನ್ನು ಇಂದೇ ಹೇಳಿ. ಅಲ್ಲಿಯವರೆಗೆ ನೊಂದವರಾಗಿದ್ದ ನೀವು ಆ ಒಂದು ಸಾಲಿನಿಂದ ಬೆದರಿಸಿದವರಾಗುತ್ತೀರಿ.

ಸದಸ್ಯೆ: ಅವನು ಮುಖ ಊದಿಸಿಕೊಂಡಿದ್ದಾನೆ, ಆದರೂ ಫೋಟೊ ಎರಡೂ ತೆಗೆದ. ಹೊಸ ಬರಹ ನಾನೇ ಬರೆದು ಹಾಕುತ್ತೇನೆ. ಇನ್ನೊಂದು ಸಮಾಚಾರ ಮೇಡಂ: ಈಗ ಯಜಮಾನರಿಗೂ ಹೊಟ್ಟೆ ತೊಳಸುತ್ತಿದೆ. ಮನೆಯಲ್ಲಿ ಎಲ್ಲರೂ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಿದ್ದೇವೆ.

ತಜ್ಞೆ: ಬುಧವಾರ ರಾತ್ರಿ ಶುರುವಾದದ್ದನ್ನು ಶನಿವಾರದ ಸಾಸ್ ಮೇಲೆ ಹಾಕಬೇಡಿ. ನೊರೊವೈರಸ್ ಸ್ಯಾನಿಟೈಸರ್‌ಗೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಕೈ ತೊಳೆಯಿರಿ. ವಾಂತಿಯಾದ ಜಾಗವನ್ನು ಮೊದಲು ಬಳಿದು, ಆಮೇಲೆ ಕ್ಲೋರಿನ್ ಬ್ಲೀಚ್ ಬೆರೆಸಿದ ನೀರು ಹಾಕಿ ಐದು ನಿಮಿಷವಾದರೂ ಬಿಟ್ಟು ಒರೆಸಿ. ಬಳಿಯುವವರು ಕೈಗವಸು ಹಾಕಿಕೊಳ್ಳಲಿ, ಈ ಸಲ ಅತ್ತೆ ಬೇಡ. ಓಆರ್‌ಎಸ್ ಪೊಟ್ಟಣಕ್ಕೆ ಅದರ ಮೇಲೆ ಬರೆದಷ್ಟೇ ನೀರು, ಗುಟುಕು ಗುಟುಕಾಗಿ. ಅತ್ತೆಗೆ ಅಥವಾ ಚಿಕ್ಕವನಿಗೆ ಮೂತ್ರ ಕಡಿಮೆಯಾದರೆ, ಕುಡಿದದ್ದು ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಡ ಮಾಡದೆ ವೈದ್ಯರ ಬಳಿ ಹೋಗಿ. ಮಲದ ಪರೀಕ್ಷೆ ಮಾಡಿಸುವಿರಾದರೆ ಯಜಮಾನರದ್ದನ್ನೇ ಕೊಡಿ, ಹೊಸದಾಗಿ ಬಿದ್ದವರಲ್ಲಿ ಸುಲಭವಾಗಿ ಸಿಗುತ್ತದೆ. ವಾಂತಿ ಭೇದಿ ನಿಂತು ಎರಡು ದಿನವಾಗುವವರೆಗೆ ಚಿಕ್ಕವನು ಶಾಲೆಗೆ ಹೋಗುವುದು ಬೇಡ, ಯಜಮಾನರು ಅಡುಗೆಮನೆಗೆ ಬರುವುದು ಬೇಡ. ಆ ಹುಟ್ಟುಹಬ್ಬದ ಮನೆಗೂ ಒಂದು ಫೋನ್ ಮಾಡಿ, ಅಲ್ಲಿಗೆ ಬಂದ ಬೇರೆ ಮಕ್ಕಳು ಹೇಗಿದ್ದಾರೆಂದು ಕೇಳಿ ಇಲ್ಲಿ ತಿಳಿಸಿ.