ಮಠದಲ್ಲಿ ಕೈಮುಗಿದಾಗಲೇ ಕೆಟ್ಟ ಮಾತು ತಲೆಗೆ ಬರುತ್ತದೆ, ಏನು ಮಾಡಲಿ?

ದುರ್ಗದಬೈಲ್_ಹುಡುಗ:
ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ. ಸೋಮವಾರ ಅವ್ವನ ಜೊತೆ ಸಿದ್ಧಾರೂಢ ಮಠಕ್ಕೆ ಹೋಗುವುದು ರೂಢಿ. ಹೋದ ಶ್ರಾವಣದಿಂದ ಗದ್ದುಗೆ ಮುಂದೆ ಕೈಮುಗಿದರೆ ಸಾಕು, ಬಾಯಿಂದ ಆಡಲಾರದಂಥ ಬೈಗುಳ ಸಿದ್ಧಾರೂಢ ಅಜ್ಜನ ಮೇಲೇ ಬರುತ್ತದೆ. ಅದನ್ನು ಅಳಿಸೋಕೆ ಮನಸ್ಸಲ್ಲೇ 11 ಸಲ ‘ಓಂ ನಮಃ ಶಿವಾಯ’ ಅನ್ನುತ್ತೇನೆ. ನಡುವೆ ಬೈಗುಳ ನುಸುಳಿದರೆ ಮತ್ತೆ ಒಂದರಿಂದ ಶುರು. ಈಗ ಅಂಗಡಿಯಲ್ಲಿ ಬಟ್ಟೆ ಅಳೆಯುವಾಗಲೂ ಇದೇ. ಮೀಟರ್ ತಪ್ಪುತ್ತದೆ, ಗಿರಾಕಿ ಸಿಟ್ಟಾಗುತ್ತಾರೆ. ನಾನು ಒಳಗೊಳಗೇ ಅಷ್ಟು ಕೆಟ್ಟವನಾ?

ಗದಗ_ಮಾವ:
ಸುಮ್ನೆ ತಲೆ ಕೆಡಿಸ್ಕೋಬೇಡ ತಮ್ಮಾ. ಮನಸ್ಸು ಗಟ್ಟಿ ಮಾಡು, ಬಂದ ತಕ್ಷಣ ತೆಗೆದು ಹಾಕು. ಬೆಳಿಗ್ಗೆ ತಣ್ಣೀರು ಸ್ನಾನ ಮಾಡು.

ಹಾವೇರಿ_ಬೈಕ್:
ನನಗೂ ಎದುರಿಗೆ ಲಾರಿ ಬಂದರೆ ‘ಗುದ್ದಿಬಿಡಲಾ’ ಅಂತ ಒಮ್ಮೊಮ್ಮೆ ಅನಿಸುತ್ತದೆ. ಲಾರಿ ದಾಟಿತು, ಅದೂ ಹೋಯಿತು.

ಸಪ್ತಾಪುರ_ಅಕ್ಕ:
ಮಾವ, ಬೇಜಾರಾಗಬೇಡಿ, ತೆಗೆದು ಹಾಕೋದೇ ತೊಂದರೆ. ಹೋಯಿತಾ ಅಂತ ನೋಡಬೇಕಾಗುತ್ತದೆ. ನೋಡಿದರೆ ಅಲ್ಲೇ ಇರುತ್ತದೆ.

ಬಾಣಂತನ ಮುಗಿಸಿ ಧಾರವಾಡಕ್ಕೆ ಬಂದ ಹೊಸತು. ಈಳಿಗೆ ಮುಂದೆ ಕೂತರೆ ‘ಕೂಸಿಗೆ ಏನಾದರೂ ಮಾಡಿಬಿಟ್ಟರೆ?’ ಅಂತ ಬರುತ್ತಿತ್ತು. ಈಳಿಗೆ ಅಟ್ಟ ಸೇರಿತು. ಆಮೇಲೆ ಕತ್ತರಿ, ಆಮೇಲೆ ಸೂಜಿಡಬ್ಬಿ. ಮನೆಯವರೇ ಪಲ್ಲೆ ಹೆಚ್ಚಿಟ್ಟು ಡ್ಯೂಟಿಗೆ ಹೋಗುತ್ತಿದ್ದರು. ಕೊನೆಗೆ ಡಾಕ್ಟರ್ ಒಂದೇ ಕೇಳಿದರು: ‘ಆ ಯೋಚನೆ ಬಂದರೆ ಖುಷಿಯಾಗುತ್ತಾ, ಹೆದರಿಕೆಯಾಗುತ್ತಾ?’ ಅಲ್ಲೇ ಅತ್ತುಬಿಟ್ಟೆ. ನಮಗೆ ಯಾವುದು ಜಾಸ್ತಿ ಪ್ರೀತಿಯೋ ಅದರ ಮೇಲೇ ಇಂಥದ್ದು ಬರುತ್ತದಂತೆ. ನನಗೆ ಕೂಸು, ನಿನಗೆ ಅಜ್ಜ.

ಹಾವೇರಿಯವರು ಹೇಳಿದ್ದು ಸರಿ. 1978ರಲ್ಲೇ ರ್‍ಯಾಕ್‌ಮನ್, ಡಿಸಿಲ್ವ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಕೇಳಿ ನೋಡಿದಾಗ, ಕಾಯಿಲೆ ಇಲ್ಲದವರಲ್ಲೂ ಹತ್ತಕ್ಕೆ ಎಂಟು ಜನರಿಗೆ ಇಂಥ ಯೋಚನೆ ಬರುತ್ತಿತ್ತು. ಅವರು ಬಿಟ್ಟು ಮುಂದೆ ಹೋಗುತ್ತಾರೆ. ನಾವು ಅದಕ್ಕೆ ಅರ್ಥ ಹಚ್ಚುತ್ತೇವೆ, ಪರಿಹಾರ ಮಾಡುತ್ತೇವೆ. ಆ ಪರಿಹಾರವೇ ದಿನದ ಹೊತ್ತು ತಿಂದರೆ ಅದು ಗೀಳು ಕಾಯಿಲೆ, ಓಸಿಡಿ. ನಿನ್ನ 11ರ ಲೆಕ್ಕ ನನಗೆ ಹಾಗೇ ಕಾಣುತ್ತದೆ, ಆದರೆ ಹೇಳಬೇಕಾದವರು ಡಾಕ್ಟರ್.

ಇದಕ್ಕೊಂದು ತರಬೇತಿ ಇದೆ. ನನ್ನಿಂದ ಮತ್ತೆ ಈಳಿಗೆ ಇಳಿಸಿದರು, ಕೂಸು ಪಕ್ಕದಲ್ಲಿದ್ದಾಗಲೇ ಬದನೆಕಾಯಿ ಹೆಚ್ಚಿಸಿದರು. ಹೆದರಿಕೆ ಬಂದರೂ ಏಳೋ ಹಾಗಿಲ್ಲ. ಮೊದಮೊದಲು ಕೈ ನಡುಗುತ್ತಿತ್ತು. ಬರಬರುತ್ತಾ ಹೆದರಿಕೆ ತಾನೇ ಇಳಿಯಿತು. ನಿನಗಾದರೆ ಬೈಗುಳ ಬಂದರೂ ಅಳಿಸದೆ ಗದ್ದುಗೆ ಮುಂದೆ ನಿಲ್ಲೋದು. ಜಪ ಬಿಡು ಅಂತಲ್ಲ. ಭಕ್ತಿಗೆ ಮಾಡೋ ಜಪ ಬೇರೆ, ಅಳಿಸೋಕೆ ಮಾಡೋದು ಬೇರೆ, ಅಲ್ವಾ?

ದುರ್ಗದಬೈಲ್_ಹುಡುಗ:
ಅಕ್ಕಾ, ಓದಿ ಸ್ವಲ್ಪ ಉಸಿರು ಬಂತು. ಆದರೆ ಡಾಕ್ಟರ್ ಅಂತ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದರೆ ಜನ ಹುಚ್ಚಾಸ್ಪತ್ರೆ ಅಂತಾರಲ್ಲ. ಮಾತ್ರೆ ಕೊಟ್ಟರೆ ಜೀವನಪೂರ್ತಿ ನುಂಗಬೇಕಾ?

ಸಪ್ತಾಪುರ_ಅಕ್ಕ:
ಜನ ಅಂತಾರೆ, ಅನ್ನಲಿ. ಅಷ್ಟು ಸಂಕೋಚ ಇದ್ದರೆ ಮೊದಲು 14416ಕ್ಕೆ ಫೋನ್ ಮಾಡು. ಮನಸ್ಸಿನ ತೊಂದರೆಗೆ ಇರೋ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ. ಎಲ್ಲರಿಗೂ ಮಾತ್ರೆ ಬೇಕಾಗಲ್ಲ. ಕೊಟ್ಟರೂ ಚಟ ಹತ್ತುವ ಮಾತ್ರೆಯಲ್ಲ. ಆದರೆ ಗೀಳಿಗೆ ಅದು ನಿಧಾನ, 8ರಿಂದ 12 ವಾರ ಬೇಕು. ಹದಿನೈದು ದಿನಕ್ಕೆ ಏನೂ ಆಗಲಿಲ್ಲ ಅಂತ ನೀನೇ ನಿಲ್ಲಿಸಬೇಡ. ಹೋಗುವಾಗ ಈ ಎಣಿಕೆಗೆ ದಿನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಚೀಟಿಯಲ್ಲಿ ಬರೆದುಕೋ. ಒಂದು ತಾಸಿಗಿಂತ ಜಾಸ್ತಿನಾ ಅಂತ ಕೇಳೇ ಕೇಳುತ್ತಾರೆ.