ಸಹಾಯ ಬೇಕು: ನ್ಯಾಷನಲ್ ಯೂತ್ ಥಿಯೇಟರ್ ಆಡಿಷನ್ ಕೊಟ್ಟವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ಲಂಡನ್‌ನಲ್ಲಿದ್ದೇವೆ. 16 ವರ್ಷದ ಮಗಳು ಇಲ್ಲಿನ ನ್ಯಾಷನಲ್ ಯೂತ್ ಥಿಯೇಟರ್ ಸೇರಲೇಬೇಕು ಅಂತ ಹಠ ಹಿಡಿದಿದ್ದಾಳೆ. 1956ರಲ್ಲಿ ಮೈಕೆಲ್ ಕ್ರಾಫ್ಟ್ ಎಂಬ ಶಾಲಾ ಮೇಷ್ಟ್ರು ಕಟ್ಟಿದ ತಂಡ ಇದು. ಹೆಲೆನ್ ಮಿರೆನ್, ಡೇನಿಯಲ್ ಕ್ರೇಗ್ ಇಲ್ಲೇ ಪಳಗಿದವರು. 14ರಿಂದ 25 ವರ್ಷದವರಿಗೆ ಅವಕಾಶ.

ಆಡಿಷನ್‌ಗೆ ಅವಳು ಆರಿಸಿಕೊಂಡಿರುವುದು ಮಗನನ್ನು ಕಳೆದುಕೊಂಡ ತಾಯಿಯ ಮಾತು. ಅಳುವುದೇನೋ ಚೆನ್ನಾಗಿ ಅಳುತ್ತಾಳೆ. ಆದರೆ ಅವಳ ವಯಸ್ಸಿಗೆ ಅದು ಒಗ್ಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಅಪ್ಪನ ಮಾತು ಯಾರು ಕೇಳುತ್ತಾರೆ, ಅಲ್ವಾ?

ನಿಮ್ಮ ಮಕ್ಕಳು ಯಾರಾದರೂ ಹೋಗಿದ್ದರೆ ಹೇಳಿ. ತನ್ನದೇ ವಯಸ್ಸಿನ ಪಾತ್ರ ಮಾಡಿದರೆ ಒಳ್ಳೆಯದಾ? ಕೋರ್ಸ್‌ನ ಶುಲ್ಕಕ್ಕೆ ಧನಸಹಾಯ ಕೇಳುವಾಗ ಯಾವ ಕಾಗದಪತ್ರ ಕೊಟ್ಟಿರಿ?